ಕುಂತಿ ಕರ್ಣನ ಭಾಗಕ್ಕೆ ಜನ ಕೊನೆಗೂ ಅತ್ತರು: ನನ್ನ ಅನುಭವ

ಕುಮಾರವ್ಯಾಸ ಭಾರತದ ಉದ್ಯೋಗಪರ್ವ, ಗಂಗೆ ದಡದಲ್ಲಿ ಕುಂತಿ ಕರ್ಣನ ಹತ್ರ ಬರೋ ಭಾಗ. ಹತ್ತು ವರ್ಷ ಗಮಕ, ಅಂದ್ರೆ ಕಾವ್ಯನ ರಾಗವಾಗಿ ಓದೋ ವಾಚನ, ಮಾಡಿದ್ರೂ ಒಬ್ರೂ ಕಣ್ಣು ಒರೆಸ್ಕೊಂಡಿದ್ದು ನಾನು ನೋಡಿರ್ಲಿಲ್ಲ. ದುಃಖಕ್ಕೆ ಹಾಡೋ ಮುಖಾರಿ ರಾಗ ಹಾಡಿದ್ರೆ ತಾನಾಗೇ ಅಳ್ತಾರೆ ಅಂತ ಎಲ್ರೂ ಹೇಳೋರು, ನಾನೂ ಪದ್ಯಕ್ಕೆ ಮುಂಚೆ ಮೂರ್ನಾಲ್ಕು ನಿಮಿಷ ಸಾಹಿತ್ಯ ಇಲ್ದೆ ಬರೀ ರಾಗದ ಆಲಾಪ ಎಳೀತಿದ್ದೆ, ಜನ "ಮುಖಾರಿ ಚೆನ್ನಾಗಿತ್ತು" ಅಂತ ಪ್ರಸಾದ ತಗೊಂಡು ಹೋಗೋರು, ಕರ್ಣನ ಸುದ್ದಿನೇ ಇಲ್ಲ.

ಒಂದ್ಸಲ ಪಿಟೀಲಿನವರನ್ನ ಕರ್ಕೊಂಡು ಹೋದೆ. ಸಂಭಾವನೆ ಎರಡೂವರೆ ಸಾವಿರ ಇರ್ಬೇಕು, ಅವ್ರಿಗೇ ಎರಡು ಸಾವಿರ ಕೊಟ್ಟೆ, ಬಸ್ ಚಾರ್ಜ್ ಕೈಯಿಂದ ಹೋಯ್ತು. ಸಾಹಿತ್ಯನೇ ಕೇಳಿಸ್ಲಿಲ್ಲ. ಶುಭಪಂತುವರಾಳಿ ರಾಗನೂ ನೋಡಿದೆ, ಹಾಡೋನೇ ಅತ್ತಂಗಾಗುತ್ತೆ, ಕೇಳೋರಿಗೆ ಏನೂ ಉಳಿಯಲ್ಲ.

ಆಮೇಲೆ ಆಲಾಪ ಪೂರ್ತಿ ತೆಗೆದು ಶ್ರುತಿ, ಅಂದ್ರೆ ದನಿಯ ಎತ್ತರ, ಒಂದೂವರೆಯಿಂದ ಒಂದಕ್ಕೆ ಇಳಿಸಿದೆ. ಆರು ಸಾಲಿನ ಭಾಮಿನಿ ಷಟ್ಪದಿಯ ಮೊದಲೆರಡು ಸಾಲು ಮಾತಾಡ್ದಂಗೆ ಬಿಟ್ಟು, ಮೂರನೇ ಉದ್ದದ ಸಾಲಿನ ಕೊನೇ ಗುರು ಅಕ್ಷರದ ಹತ್ರ ಮಾತ್ರ ಮುಖಾರಿಯ ಶುದ್ಧ ಧೈವತ ಸ್ವರಕ್ಕೆ ಬಂದು ನಿಲ್ಲೋದು. ಯಾವ ಪದದ ಮುಂದೆ ಉಸಿರು ಹಿಡೀತೀನಿ ಅನ್ನೋದು ನನ್ನ ಹತ್ರನೇ ಇರ್ಲಿ. ಪದ್ಯ ಮುಗಿದ ಮೇಲೆ ಹತ್ತು ಸೆಕೆಂಡು ಸುಮ್ನಿರಿ ಅಂತ ಪದ್ಯದ ಅರ್ಥ ಹೇಳೋ ವ್ಯಾಖ್ಯಾನದ ರಾಯರಿಗೆ ಹೇಳಿದ್ರೆ, "ಏನಪ್ಪಾ, ಸುಮ್ನೆ ಕೂತ್ರೆ ಜನ ಎದ್ದು ಹೋಗ್ತಾರೆ, ಗಮಕ ಇಷ್ಟು ಒಣಗಿದ್ರೆ ಹೆಂಗೆ" ಅಂದ್ರು.

ಇದರ ಮಧ್ಯೆ ವಿರಾಟಪರ್ವದ ಉತ್ತರಕುಮಾರನ್ನೂ ಹಿಡಿದೆ. ಮೊದಲು ದನಿ ಕೊಂಕಿಸಿ ತಮಾಷೆಯಾಗಿ ಓದ್ತಿದ್ದೆ, ಮಕ್ಕಳು ಬಿಟ್ರೆ ಯಾರೂ ನಗ್ತಿರ್ಲಿಲ್ಲ. ಈಗ ಹೆಂಗಸರ ಮುಂದೆ ಅವನು ಕೊಚ್ಕೊಳ್ಳೋದನ್ನ ಅಠಾಣ ರಾಗದಲ್ಲಿ, ಭೀಷ್ಮರ ಮಾತೇನೋ ಅನ್ನೋ ಗಾಂಭೀರ್ಯದಲ್ಲಿ ಹಾಡ್ತೀನಿ, ಕೌರವ ಸೇನೆ ಕಂಡ ತಕ್ಷಣ ರಾಗ ಬಿಟ್ಟು ಬರೀ ಮಾತು. ಬೃಹನ್ನಳೆ ಎಳ್ಕೊಂಡು ಬರೋ ಹೊತ್ತಿಗೆ ಸಭೆ ನಕ್ಕೂ ನಕ್ಕೂ ಸುಸ್ತು. ನಗ್ಸೋಕೆ ಇಷ್ಟು ಚೆನ್ನಾಗಿ ಕೂತಿದ್ದು ನಮ್ಮ ಕಡೆ ಬೇರೆ ಯಾರದ್ದೂ ನಾನು ಕೇಳಿಲ್ಲ.

ಹೋದ ಶ್ರಾವಣದ ಸಪ್ತಾಹದಲ್ಲಿ ಐದನೇ ದಿನ ಕರ್ಣ ಬಂದ. ಅರವತ್ತು ಎಪ್ಪತ್ತು ಜನ ಇದ್ರು. ಧೈವತಕ್ಕೆ ಬಂದು ನಿಂತೆ, ಮುಂದೆ ಕೂತಿದ್ದ ಅಜ್ಜಿ ಸೆರಗು ಬಾಯಿಗೆ ಒತ್ಕೊಂಡ್ರು, ಹಿಂದಿನ ಸಾಲಲ್ಲಿ ಮೂಗು ಎಳ್ಕೊಳ್ಳೋ ಶಬ್ದ. ಹತ್ತು ಸೆಕೆಂಡು ಮುಗೀತು, ರಾಯರು ಶುರು ಮಾಡ್ಲಿಲ್ಲ. ತಿರುಗಿ ನೋಡಿದ್ರೆ ಅವರೇ ಕನ್ನಡಕ ತೆಗೆದು ಕೂತಿದ್ರು.

ಈಗ ಅಭಿಮನ್ಯು ಹಿಡಿದಿದೀನಿ. ಅದಕ್ಕೆ ಮುಖಾರಿ ಒಗ್ತಿಲ್ಲ.