ಮೊದಲು ಕೋಣೆ, ಆಮೇಲೆ ಎಕ್ಸ್‌ರೇ ಯಂತ್ರ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದು ಮೂಳೆ ಚಿಕಿತ್ಸೆಯ ಚಿಕ್ಕ ನರ್ಸಿಂಗ್ ಹೋಂ. ಜಗಳೂರು, ಹರಪನಹಳ್ಳಿ ಕಡೆಯಿಂದ ಕಾಲು ಮುರಿದುಕೊಂಡು ಬಂದವರನ್ನು ಎಕ್ಸ್‌ರೇಗೆಂದು ಮತ್ತೆ ಆಟೋ ಹತ್ತಿಸಬೇಕಾಗುತ್ತಿತ್ತು. ಆ ನರಳಾಟ ನೋಡಲಾಗದೆ ಸ್ವಂತ ಡಿಜಿಟಲ್ ಎಕ್ಸ್‌ರೇ ಹಾಕಿಸಿದೆ. ಕಂಪನಿಯವರು ಬಂದರೆ ಮೊದಲು ತೋರಿಸುವುದು ಬೆಲೆಪಟ್ಟಿ. ನಾನು ಮೊದಲು ನೋಡಿದ್ದು ಕೋಣೆಯನ್ನು.

ನೆಲಮಹಡಿಯ ಹಿಂದುಗಡೆ ಸುಮಾರು 14ಕ್ಕೆ 15 ಅಡಿಯ ಕೋಣೆ ಇತ್ತು. ಟೇಬಲ್, ಕಿರಣ ಬಿಡುವ ಟ್ಯೂಬ್‌ನ ಸ್ಟ್ಯಾಂಡ್, ಎದೆಯ ಎಕ್ಸ್‌ರೇಗೆ ರೋಗಿ ನಿಲ್ಲುವ ಚೆಸ್ಟ್ ಸ್ಟ್ಯಾಂಡ್, ಟೆಕ್ನಿಷಿಯನ್ ಮರೆಯಲ್ಲಿ ನಿಲ್ಲುವ ಸೀಸದ ತಡೆ, ಎಲ್ಲವನ್ನೂ ಅಳತೆ ಹಿಡಿದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು. ಎದೆಯ ಎಕ್ಸ್‌ರೇಗೆ ಟ್ಯೂಬ್ 6 ಅಡಿ ದೂರ ಇರಬೇಕಲ್ವಾ, ಆ ಜಾಗವನ್ನೂ ಬಿಟ್ಟೆವು. ಆಮೇಲೆ ವಾರ್ಡ್ ಬಾಯ್‌ನನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಕಾಲಿಗೆ ಥಾಮಸ್ ಸ್ಪ್ಲಿಂಟ್, ಅಂದರೆ ಮುರಿದ ಕಾಲು ಅಲುಗದಂತೆ ಹಿಡಿಯುವ ಉದ್ದನೆಯ ಕಬ್ಬಿಣದ ಚೌಕಟ್ಟು, ಕಟ್ಟಿ ಒಳಗೆ ತಳ್ಳಿಸಿದೆ. ಸ್ಪ್ಲಿಂಟ್ ಪಾದಕ್ಕಿಂತ ಮುಂದೆ ಚಾಚಿಕೊಂಡಿರುತ್ತೆ. ತಿರುವಿನಲ್ಲಿ ಅದು ತಡೆಗೆ ತಾಗುತ್ತಿತ್ತು. ತಡೆಯನ್ನು ಎದುರು ಮೂಲೆಗೆ ಸರಿಸಿದೆವು, ಬಾಗಿಲನ್ನು 4 ಅಡಿಗೆ ಅಗಲ ಮಾಡಿಸಿದೆವು. ಕಾಗದದ ನಕ್ಷೆಯಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಗೋಡೆಯ ವಿಷಯದಲ್ಲಿ ಚೌಕಾಸಿ ಮಾಡಲೇಬಾರದು. ಎಇಆರ್‌ಬಿ, ಅಂದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹೇಳುವಂತೆ, ಕಿರಣ ನೇರವಾಗಿ ಬೀಳುವ ಗೋಡೆ 35 ಸೆಂ.ಮೀ. ಇಟ್ಟಿಗೆಯಷ್ಟು ದಪ್ಪ ಇರಬೇಕು. ಚದುರಿದ ಕಿರಣ ಬೀಳುವ ಗೋಡೆಗೆ 23 ಸೆಂ.ಮೀ. ಸಾಕು. ನಮ್ಮದು 9 ಇಂಚಿನ, ಅಂದರೆ ಸುಮಾರು 23 ಸೆಂ.ಮೀ. ಗೋಡೆ. ಚೆಸ್ಟ್ ಸ್ಟ್ಯಾಂಡ್ ಹಿಂದೆ ಮಾತ್ರ ಒಳಗಡೆಯಿಂದ ಇನ್ನೂ ನಾಲ್ಕೂವರೆ ಇಂಚು ಇಟ್ಟಿಗೆ ಕಟ್ಟಿಸಿ, ಗಾರೆ ಸೇರಿ 35 ಸೆಂ.ಮೀ. ದಪ್ಪ ಬರಿಸಿದೆವು. ಬಾಗಿಲಿಗೆ 1.7 ಮಿ.ಮೀ. ಸೀಸದ ಹಾಳೆ. ಬಡಗಿಗೆ ಪಕ್ಕದಲ್ಲೇ ನಿಂತು ಹೇಳಿದೆ: ಕಿರಣ ಸೋರದಂತೆ ಹಾಳೆ ಚೌಕಟ್ಟಿನ ಮೇಲೂ ಸ್ವಲ್ಪ ಹತ್ತಬೇಕು, ಮೊಳೆ ಹೊಡೆದ ಕಡೆ ಮೇಲೊಂದು ಸೀಸದ ತುಂಡು ಬೀಳಬೇಕು. ಸೀಸದ ಬಾಗಿಲು ಬಹಳ ಭಾರ, ಕೀಲುಗಳೂ ಗಟ್ಟಿಯವೇ ಬೇಕು.

ಇಟ್ಟಿಗೆ ಇಳಿಸುವುದನ್ನು ನೋಡಿ ಪಕ್ಕದ ಮನೆ ಅಜ್ಜಿ ಬಂದರು. "ಡಾಕ್ಟ್ರೇ, ನಮ್ ಅಡುಗೆಮನಿಗೆ ಏನಾರ ಬರ್ತೈತೇನ್ರೀ?" ಅವರನ್ನು ಒಳಗೆ ಕರೆದು ಗೋಡೆ ತೋರಿಸಿದೆ. "ಗುಂಡಿ ಒತ್ತಿದಾಗ ಮಾತ್ರ ಕಿರಣ ಬರೋದು ಅಜ್ಜಿ. ಬಿಟ್ಟ ಕೂಡಲೇ ನಿಂತುಹೋಗುತ್ತೆ, ಕೋಣೇಲಿ ಏನೂ ಉಳಿಯಲ್ಲ" ಎಂದೆ. ಯಂತ್ರ ಕೂತ ಮೇಲೆ ಅವರ ಅಡುಗೆಮನೆಯಲ್ಲೂ ಕಿರಣ ಅಳೆಯುವ ಮೀಟರ್ ಇಟ್ಟು ಅಳೆಸಿದೆ. ನೆರೆಯವರು ಕೇಳುವ ಮೊದಲೇ ಹೋಗಿ ಹೇಳುವುದು ಇನ್ನೂ ಒಳ್ಳೆಯದು.

ವಿದ್ಯುತ್ತಿಗೆ ಮೂರು ಫೇಸ್, ಮುಖ್ಯ ಪ್ಯಾನೆಲ್‌ನಿಂದಲೇ ಪ್ರತ್ಯೇಕ ಕೇಬಲ್, ಪ್ರತ್ಯೇಕ ಅರ್ಥಿಂಗ್. ಎಕ್ಸ್‌ರೇ ಒಂದು ಕ್ಷಣದಲ್ಲಿ ಜಾಸ್ತಿ ಕರೆಂಟ್ ಎಳೆಯುತ್ತೆ, ತೆಳ್ಳಗಿನ ವೈರಿದ್ದರೆ ವೋಲ್ಟೇಜ್ ಕುಸಿಯುತ್ತೆ. ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಲು ಅರ್ಜಿಯನ್ನು ಗೋಡೆ ಕೆಲಸದ ಜೊತೆಗೇ ಹಾಕಿ.

ಎಇಆರ್‌ಬಿಯ ಮಾದರಿ ಅನುಮೋದನೆ ಇರುವ ಯಂತ್ರವನ್ನೇ ಕೊಳ್ಳಿ. ಕೂರಿಸಿದ ಮೇಲೆ ಗುಣಮಟ್ಟ ಪರೀಕ್ಷೆ, ಸಿಬ್ಬಂದಿಗೆ ಮೈಗೆ ಬಿದ್ದ ಕಿರಣದ ಲೆಕ್ಕ ಇಡುವ ಟಿಎಲ್‌ಡಿ ಬ್ಯಾಡ್ಜ್, ಎಇಆರ್‌ಬಿಯ ಇ-ಲೋರಾ ಜಾಲತಾಣದಲ್ಲಿ ಲೈಸೆನ್ಸ್ ಅರ್ಜಿ. ಲೈಸೆನ್ಸ್ ಕೈಗೆ ಬರುವ ತನಕ ಒಬ್ಬ ರೋಗಿಯನ್ನೂ ಆ ಟೇಬಲ್ ಮೇಲೆ ಮಲಗಿಸಲಿಲ್ಲ. ಕಟ್ಟಿದ ದುಡ್ಡು ಸುಮ್ನೆ ಕೂತಿದೆ ಅನ್ನಿಸುತ್ತೆ, ಆದರೂ ತಡೆದುಕೊಳ್ಳಬೇಕು.

ರಿಪೇರಿಯವರು ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬರಬೇಕಾಗುತ್ತೆ. ಕರೆ ಮಾಡಿದ ಎಷ್ಟು ಗಂಟೆಯೊಳಗೆ ಬರುತ್ತಾರೆ, ಚಿತ್ರ ಹಿಡಿಯುವ ಡಿಟೆಕ್ಟರ್ ಕೆಟ್ಟರೆ ಬದಲಿ ಕೊಡುತ್ತಾರಾ, ಇದನ್ನೆಲ್ಲ ಮುಂಗಡ ಕೊಡುವ ಮೊದಲೇ ಆರ್ಡರ್ ಪತ್ರದಲ್ಲಿ ಬರೆಸಿಕೊಳ್ಳಿ.