ಒಂದೇ ಟೀಮಿನ ವಿಮಾ ಏಜೆಂಟರು ಒಬ್ಬರ ಪಾರ್ಟಿಗೆ (ಗಿರಾಕಿಗೆ) ಇನ್ನೊಬ್ಬರು ಕೈಹಾಕಿದಾಗ

ಹತ್ತು ಹದಿನೈದು ಏಜೆಂಟರ ಟೀಮ್ ನಡೆಸುವ ಡೆವಲಪ್‌ಮೆಂಟ್ ಆಫೀಸರ್ ಅಥವಾ ಸೇಲ್ಸ್ ಮ್ಯಾನೇಜರಿಗೆ ಹೊರಗಿನ ಕಂಪನಿಗಳ ಕಾಟಕ್ಕಿಂತ ಒಳಗಿನ ಕಾಟವೇ ಹೆಚ್ಚು. ಕಾರಣ ಸರಳ. ಒಬ್ಬ ಏಜೆಂಟ್ ಒಂದೇ ಜೀವವಿಮಾ ಕಂಪನಿಗೆ ಕೆಲಸ ಮಾಡಬಹುದು. ಹಾಗಾಗಿ ಒಂದೇ ಬ್ರಾಂಚಿನ ಇಬ್ಬರು ಅದೇ ಪಾಲಿಸಿಯನ್ನು, ಅದೇ ಪ್ರೀಮಿಯಂಗೆ, ಅದೇ ಬೀದಿಯಲ್ಲಿ ಮಾರುತ್ತಾರೆ. ಮಾಲಿನಲ್ಲೂ ದರದಲ್ಲೂ ವ್ಯತ್ಯಾಸ ಇಲ್ಲ ಅಂದಮೇಲೆ ಪೈಪೋಟಿ ಕಮಿಷನ್ ಬಿಟ್ಟುಕೊಡುವುದಕ್ಕೋ ಇನ್ನೊಬ್ಬನ ಮೇಲೆ ಚಾಡಿ ಹೇಳುವುದಕ್ಕೋ ತಿರುಗುತ್ತದೆ.

ದೂರು ಯಾವ ಬಗೆಯದು?

"ನನ್ನ ಪಾರ್ಟಿ ಹೊಡ್ಕೊಂಡ" ಎಂದು ಬರುವ ದೂರುಗಳಲ್ಲಿ ಬಹಳಷ್ಟು ಅನ್ಯಾಯವೇ ಆಗಿರುವುದಿಲ್ಲ. ಒಬ್ಬರು ಗಂಡನನ್ನು ಬ್ಯಾಂಕಿನಲ್ಲಿ ಮಾತಾಡಿಸಿರುತ್ತಾರೆ, ಇನ್ನೊಬ್ಬರು ಹೆಂಡತಿಯನ್ನು ಶಾಲೆಯಲ್ಲಿ. ಇಬ್ಬರಿಗೂ ಗೊತ್ತಿಲ್ಲದೆ ಒಂದೇ ಮನೆಗೆ ಎರಡು ಕೊಟೇಶನ್ ಹೋಗಿರುತ್ತದೆ. ಇದಕ್ಕೆ ಬುದ್ಧಿವಾದ ಬೇಡ, ಪುಸ್ತಕ ಬೇಕು. ಅದರ ವಿಷಯ ಮುಂದೆ.

ನಿಜವಾದ ತಪ್ಪುಗಳು ಮೂರು. ಒಂದು, ಪ್ರಪೋಸಲ್ ಫಾರಂ (ಪಾಲಿಸಿಯ ಅರ್ಜಿ) ತುಂಬಿ ಕೊಟ್ಟ ಮೇಲೆ ನಡುವೆ ನುಗ್ಗುವುದು. ಇನ್ನೊಬ್ಬ ಏಜೆಂಟ್ ತಂದ ಪ್ರಪೋಸಲಿನಲ್ಲಿ ತಲೆಹಾಕಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ ಏಜೆಂಟರ ನಡತೆ ಸಂಹಿತೆಯಲ್ಲೇ ಇದೆ. ಎರಡು, ಹಳೇ ಪಾಲಿಸಿ ಸರೆಂಡರ್ ಮಾಡಿಸಿ, ಅಂದರೆ ಅವಧಿಗೆ ಮುಂಚೆಯೇ ಮುಗಿಸಿ, ತನ್ನ ಏಜೆಂಟ್ ಕೋಡಿನಲ್ಲಿ ಹೊಸದು ಬರೆಸುವುದು. ಒತ್ತಾಯದಿಂದ ಪಾಲಿಸಿ ಮುಗಿಸಿ ಮೂರು ವರ್ಷದೊಳಗೆ ತನ್ನಿಂದ ಹೊಸದು ಕೊಳ್ಳುವಂತೆ ಮಾಡುವುದನ್ನೂ ಅದೇ ಸಂಹಿತೆ ತಡೆಯುತ್ತದೆ. ಮೂರು, ರಿಬೇಟ್, ಅಂದರೆ "ಮೊದಲ ಕಂತಿನಲ್ಲಿ ಇಷ್ಟು ನಾನೇ ಹಾಕ್ತೀನಿ" ಅನ್ನುವುದು. ಉಳಿದ ಎರಡಕ್ಕೂ ಬಹುಪಾಲು ಇದೇ ಬೇರು.

ರಿಬೇಟ್‌ನ ಲೆಕ್ಕವನ್ನು ಕಾಗದದ ಮೇಲೆ ತೋರಿಸಿ

1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಕಮಿಷನ್ನಿನ ಪಾಲು ಬಿಟ್ಟುಕೊಡುವುದು ಮಾತ್ರವಲ್ಲ, ಅದನ್ನು ತೆಗೆದುಕೊಳ್ಳುವುದೂ ತಪ್ಪು. 2015ರ ತಿದ್ದುಪಡಿ ದಂಡವನ್ನು ಹತ್ತು ಲಕ್ಷ ರೂಪಾಯಿವರೆಗೆ ಏರಿಸಿತು. ಇದು ಏಜೆಂಟರಿಗೆ ಗೊತ್ತಿಲ್ಲದ್ದೇನಲ್ಲ; ಪರೀಕ್ಷೆಗೆ ಓದಿ ಮರೆತಿರುತ್ತಾರೆ. ಸೆಕ್ಷನ್ ಹೇಳಿ ಹೆದರಿಸುವುದಕ್ಕಿಂತ ಲೆಕ್ಕ ಹಾಕಿ ತೋರಿಸಿದರೆ ಬೇಗ ತಲೆಗೆ ಹೋಗುತ್ತದೆ.

ವಾರ್ಷಿಕ ಪ್ರೀಮಿಯಂ 40,000, ಮೊದಲ ವರ್ಷದ ಕಮಿಷನ್ ಶೇ. 25, ಎರಡು ಮತ್ತು ಮೂರನೇ ವರ್ಷ ಶೇ. 7.5, ಆಮೇಲೆ ಶೇ. 5 ಎಂದಿಟ್ಟುಕೊಳ್ಳಿ. ಮೊದಲ ವರ್ಷ ಸಿಗುವುದು 10,000. ಅದರಲ್ಲಿ 5,000 ಪಾರ್ಟಿಗೆ ಹೋಯಿತು. ಆದರೆ ಆದಾಯ ತೆರಿಗೆಯ ದಾಖಲೆಯಲ್ಲಿ ಕಾಣುವುದು ಪೂರ್ತಿ 10,000. ಕಾನೂನು ಒಪ್ಪದ ಖರ್ಚನ್ನು ಕಳೆಯಲು ಬರುವುದಿಲ್ಲ. ಕೈಯಲ್ಲಿ ಉಳಿದ 5,000ದಲ್ಲಿ ಪೆಟ್ರೋಲು, ಓಡಾಟ, ತೆರಿಗೆ ಎಲ್ಲಾ. ಎರಡನೇ ವರ್ಷ ಪಾರ್ಟಿ ಮತ್ತೆ ಫೋನ್ ಮಾಡಿ, "ಈ ಸಲ ಎಷ್ಟು ಹಾಕ್ತೀರಿ?" ಅಂತ ಕೇಳುತ್ತಾರೆ. ಆಗ ಬರುವ ಕಮಿಷನ್ 3,000 ಮಾತ್ರ. ಕೊಡಲಾಗುವುದಿಲ್ಲ ಅಂದರೆ ಕಂತು ನಿಂತು ಪಾಲಿಸಿ ಲ್ಯಾಪ್ಸ್. ಆ ವರ್ಷದ 3,000, ಮರುವರ್ಷದ 3,000, ಆಮೇಲೆ ವರ್ಷವರ್ಷ ಬರಬೇಕಿದ್ದ 2,000, ಎಲ್ಲಾ ಹೋಯಿತು. ಪಕ್ಕದ ಮನೆಯವರಿಗೂ ಸುದ್ದಿ ಮುಟ್ಟಿರುತ್ತದೆ; ಅವರು 6,000 ಕೇಳುತ್ತಾರೆ.

ರಿಬೇಟ್ ಕೊಡುವವರನ್ನು ಹಿಡಿಯಲು ಬೇಹುಗಾರಿಕೆ ಬೇಡ. 13ನೇ ತಿಂಗಳ ಪರ್ಸಿಸ್ಟೆನ್ಸಿ ಪಟ್ಟಿ ನೋಡಿ, ಅಂದರೆ ಬರೆಸಿದ ಪಾಲಿಸಿಗಳಲ್ಲಿ ಒಂದು ವರ್ಷ ದಾಟಿಯೂ ಎಷ್ಟು ಉಳಿದಿವೆ ಎಂಬ ಲೆಕ್ಕ. ಆರ್ಥಿಕ ವರ್ಷ ಮುಗಿಯುವ ಮಾರ್ಚ್‌ನಲ್ಲಿ ಬರೆಸಿದ ಪಾಲಿಸಿಗಳು ಸಾಲಾಗಿ ಎರಡನೇ ಕಂತಿಗೆ ನಿಂತಿದ್ದರೆ, ಮೊದಲ ಪ್ರೀಮಿಯಂ ಯಾರ ಖಾತೆಯಿಂದ ಬಂತು ಎಂದು ವಿಚಾರಿಸಬೇಕಾದ ಜಾಗ ಅದೇ. ಹಾಗೆಂದು ಪಟ್ಟಿಯೊಂದನ್ನೇ ಸಾಕ್ಷಿ ಅಂದುಕೊಳ್ಳಬೇಡಿ. ಮಳೆ ಕೈಕೊಟ್ಟ ವರ್ಷ ರೈತರ ಕಂತು ನಿಲ್ಲುವುದಕ್ಕೂ ರಿಬೇಟಿಗೂ ಸಂಬಂಧವಿಲ್ಲ.

ಪಾರ್ಟಿಯೇ ಬಾಯಿಬಿಟ್ಟು ಕೇಳಿದಾಗ ಏನು ಹೇಳಬೇಕೆಂಬುದನ್ನು ಟೀಮಿಗೆ ಅಭ್ಯಾಸ ಮಾಡಿಸಿ. "ಇನ್ನೊಬ್ಬರು ಐದು ಸಾವಿರ ಬಿಡ್ತಾರಂತೆ, ನೀವು?" ಎಂಬ ಪ್ರಶ್ನೆಗೆ ಹೀಗೆ ಹೇಳಬಹುದು: "ಸರ್, ಅದನ್ನ ಕೊಡೋದೂ ತಪ್ಪು, ತಗೊಳ್ಳೋದೂ ತಪ್ಪು. ನಾಮಿನಿ ಹೆಸರು ಬದಲಾಯಿಸೋದು, ಲೋನ್, ಕ್ಲೇಮು, ಏನಿದ್ರೂ ನಾನೇ ಬ್ರಾಂಚಿಗೆ ಓಡಾಡ್ತೀನಿ. ಬೇಕಾದ್ರೆ ನನ್ನ ಹಳೇ ಪಾಲಿಸಿದಾರರನ್ನ ಕೇಳಿ ನೋಡಿ." ಇನ್ನೊಬ್ಬ ಏಜೆಂಟಿನ ಹೆಸರೆತ್ತಿ ಒಂದು ಮಾತೂ ಆಡಕೂಡದು. ಹಾಗೆ ಹೇಳಿದರೂ ಕೆಲವರು ಎದ್ದು ಹೋಗುತ್ತಾರೆ, ಹೋಗಲಿ.

ಪಾರ್ಟಿ ಪುಸ್ತಕ

ಉದ್ದನೆಯ ರಿಜಿಸ್ಟರ್ ಒಂದು, ಅಥವಾ ಫೋನಿನ ಶೀಟ್. ಕಾಲಂಗಳು ಆರೇ ಇರಲಿ: ಭೇಟಿಯ ದಿನಾಂಕ, ಹೆಸರು ಮತ್ತು ಬಡಾವಣೆ, ಮೊಬೈಲಿನ ಕೊನೆಯ ನಾಲ್ಕು ಅಂಕಿ, ಏಜೆಂಟ್, ಮಾತು ಎಲ್ಲಿಗೆ ಬಂತು, ಮುಂದಿನ ಭೇಟಿ. ಪೂರ್ತಿ ನಂಬರ್ ಬರೆಸಬೇಡಿ. ಜಗಳ ನಿಲ್ಲಿಸಲು ಇಟ್ಟ ಪುಸ್ತಕವೇ ಪಾರ್ಟಿ ಕದಿಯಲು ಡೈರೆಕ್ಟರಿ ಆಗುತ್ತದೆ.

ಪುಸ್ತಕ ಕೆಡುವುದು ಎರಡು ಕಾರಣಕ್ಕೆ. ಮೊದಲನೆಯದು, ಜಾಣರು ಮತದಾರರ ಪಟ್ಟಿ ನೋಡಿದಂತೆ ಇಡೀ ಬಡಾವಣೆಯನ್ನು ತಮ್ಮ ಹೆಸರಿಗೆ ಬರೆದುಕೊಳ್ಳುತ್ತಾರೆ. ಆದ್ದರಿಂದ ಮುಖಾಮುಖಿ ಭೇಟಿ ಆಗದೆ ಹೆಸರು ಬರೆಯುವಂತಿಲ್ಲ, ಮತ್ತು ಬರೆದ ಹಕ್ಕಿಗೆ ಅವಧಿ ಇರಬೇಕು. 21 ದಿನ ಸಾಕು. ಎರಡನೇ ಭೇಟಿ ಆಗಿದ್ದರೆ ಇನ್ನೊಮ್ಮೆ 21 ದಿನ. ಆಮೇಲೆ ಆ ಮನೆ ಎಲ್ಲರಿಗೂ ಮುಕ್ತ. ಎರಡನೆಯದು, ಒಂದೇ ಮನೆಯ ನಾಲ್ವರನ್ನು ನಾಲ್ಕು ಸಾಲಿನಲ್ಲಿ ಬರೆದರೆ ಅಣ್ಣನ ಪಾರ್ಟಿ, ತಮ್ಮನ ಪಾರ್ಟಿ ಎಂದು ಮತ್ತೆ ಜಗಳ. ಒಂದು ಅಡುಗೆಮನೆಗೆ ಒಂದು ಸಾಲು.

ಇದೆಲ್ಲದರ ಮೇಲೆ ಒಂದು ಮಾತು: ಪಾರ್ಟಿಯೇ "ನಮಗೆ ಅವರೇ ಬೇಕು" ಅಂದರೆ ಪುಸ್ತಕ ಮುಚ್ಚಿಡಿ. ಯಾರದ್ದೇ ಹಕ್ಕಾದರೂ ಕೊಳ್ಳುವವರ ಇಷ್ಟವನ್ನು ಮೀರಿದ್ದಲ್ಲ.

ದೂರು ಬಂದ ಮೇಲಿನ ಎರಡು ದಿನ

ಇಬ್ಬರನ್ನೂ ಎದುರುಬದುರು ಕೂರಿಸಿ ಟೀ ಕುಡಿಸುವುದು ಸಾಮಾನ್ಯ ಪದ್ಧತಿ. ಮೊದಲ ದಿನವೇ ಹಾಗೆ ಮಾಡಿದರೆ ಜೋರು ಬಾಯಿಯವರು ಗೆಲ್ಲುತ್ತಾರೆ. ಬೇರೆಬೇರೆಯಾಗಿ ಕರೆಯಿರಿ, ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ: ಮೊದಲ ಭೇಟಿ ಯಾವತ್ತು, ಯಾರು ಪರಿಚಯಿಸಿದರು, ಹಣದ ಮಾತು ಏನಾಯಿತು. ಉತ್ತರವನ್ನು ಅವರ ಕೈಯಲ್ಲೇ ಬರೆಸಿ, ದಿನಾಂಕ ಹಾಕಿಸಿ. ಮಾತಿನಲ್ಲಿ ಊದಿಸಿ ಹೇಳಿದ್ದು ಕಾಗದಕ್ಕೆ ಇಳಿಯುವಾಗ ಅರ್ಧಕ್ಕರ್ಧ ಕರಗುತ್ತದೆ.

ಪಾರ್ಟಿಯ ಮನೆಗೆ ನೀವೊಬ್ಬರೇ ಹೋಗಿ. "ನಿಮಗೆ ಎಷ್ಟು ದುಡ್ಡು ಕೊಟ್ಟರು?" ಎಂದು ಕೇಳಿದರೆ ಬಾಗಿಲು ಮುಚ್ಚುತ್ತದೆ, ಏಕೆಂದರೆ ತೆಗೆದುಕೊಂಡವರಿಗೂ ಮುಜುಗರ. "ಮೊದಲ ಕಂತು ಹೇಗೆ ಕಟ್ಟಿದಿರಿ, ರಸೀದಿ ಬಂತೇ, ಹಳೇ ಪಾಲಿಸಿ ಏನಾದರೂ ನಿಲ್ಲಿಸಿದ್ದೀರಾ?" ಎಂದು ಕೇಳಿ. ಹಳೆಯದನ್ನು ಸರೆಂಡರ್ ಮಾಡಿಸಿದ್ದು ತಿಳಿದರೆ ನಷ್ಟ ವಿವರಿಸಿ. ಪಾಲಿಸಿ ಮೂರು ವರ್ಷ ದಾಟಿದ ಮೇಲೆ ಅದನ್ನು ಕಂಪನಿ ಪ್ರಶ್ನಿಸುವಂತಿಲ್ಲ ಎನ್ನುತ್ತದೆ ವಿಮಾ ಕಾಯ್ದೆಯ 45ನೇ ಸೆಕ್ಷನ್. ಹೊಸ ಪಾಲಿಸಿಗೆ ಆ ಮೂರು ವರ್ಷ ಮತ್ತೆ ಮೊದಲಿನಿಂದ. ವಯಸ್ಸು ಏರಿದ್ದಕ್ಕೆ ಪ್ರೀಮಿಯಂ ಕೂಡ ಹೆಚ್ಚು. ಹೊಸ ಬಾಂಡ್ (ಪಾಲಿಸಿ ಪತ್ರ) ಕೈಸೇರಿ 30 ದಿನ ಆಗಿರದಿದ್ದರೆ ಫ್ರೀ ಲುಕ್ ಅವಧಿಯಲ್ಲಿ ವಾಪಸ್ ಕೊಡಬಹುದು ಎಂದೂ ಹೇಳಿ. ವಾಪಸಾದರೆ ನಿಮ್ಮ ಟೀಮಿನ ಅಂಕಿಯೂ ಇಳಿಯುತ್ತದೆ, ಇಳಿಯಲಿ.

ತಪ್ಪು ಖಚಿತವಾದರೆ ಮೊದಲ ಸಲ ಲಿಖಿತ ಎಚ್ಚರಿಕೆ, ಜೊತೆಗೆ ಮೂರು ತಿಂಗಳು ಆಫೀಸಿನಿಂದ ಬರುವ ಪಾರ್ಟಿಗಳು ಇಲ್ಲ. ಎರಡನೇ ಸಲಕ್ಕೆ, ಮತ್ತು ರಿಬೇಟ್ ಆಗಿದ್ದರೆ ಮೊದಲ ಸಲಕ್ಕೇ, ಬರೆಸಿಕೊಂಡ ಕಾಗದಗಳ ಸಮೇತ ಬ್ರಾಂಚ್ ಮ್ಯಾನೇಜರಿಗೆ ವರದಿ. ಏಜೆನ್ಸಿ ತಡೆಹಿಡಿಯುವ ಅಧಿಕಾರ ಕಂಪನಿಯದು. "ನಿನ್ನ ಕಮಿಷನ್ ನಿಲ್ಲಿಸ್ತೀನಿ" ಎಂದು ನೀವು ಬೆದರಿಸಿದರೆ ಅದು ಆಗದ ಮಾತು, ಏಜೆಂಟಿಗೂ ಅದು ಗೊತ್ತು.

ಜಗಳಕ್ಕೆ ನೀವೇ ಎಣ್ಣೆ ಹಾಕುತ್ತಿಲ್ಲವೇ?

ಸೋಮವಾರದ ಮೀಟಿಂಗಿನಲ್ಲಿ ಬೋರ್ಡಿನ ಮೇಲೆ ಯಾರದ್ದು ಎಷ್ಟು ಪಾಲಿಸಿ ಆಯಿತೆಂದು ಮಾತ್ರ ಬರೆದು ಕೊನೆಯವರನ್ನು ನಿಲ್ಲಿಸಿ ಕೇಳುತ್ತಿದ್ದರೆ, ಮಾರ್ಚ್ ಕೊನೆಯ ವಾರ ಅವರು ಏನು ಮಾಡುತ್ತಾರೆಂದು ಊಹಿಸುವುದು ಕಷ್ಟವಲ್ಲ. ಅದೇ ಬೋರ್ಡಿನಲ್ಲಿ ಪಕ್ಕದ ಕಾಲಂ 13ನೇ ತಿಂಗಳ ಪರ್ಸಿಸ್ಟೆನ್ಸಿಗೆ ಕೊಡಿ. ಬಹುಮಾನದ ಪೆನ್ನು, ಶಾಲು, ಪ್ರವಾಸ ಯಾವುದಾದರೂ ಎರಡೂ ಕಾಲಂ ನೋಡಿಯೇ ಹೋಗಲಿ.

ಏಜೆಂಟ್ ಬಿಟ್ಟುಹೋದ ಅನಾಥ ಪಾಲಿಸಿಗಳನ್ನು ಹಂಚುವುದರಲ್ಲಿ ನಿಮ್ಮ ಕೈ ನೇರ ಇರಬೇಕು. ಹೊಸ ಪಾಲಿಸಿ ಹುಟ್ಟುವುದು ಆ ಮನೆಗಳಲ್ಲೇ, ಅದು ಎಲ್ಲರಿಗೂ ಗೊತ್ತು. ಸರದಿ ಪ್ರಕಾರ ಕೊಟ್ಟು, ಕೊಟ್ಟದ್ದನ್ನು ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ.

ಇನ್ನು ವಾಟ್ಸಾಪ್ ಗುಂಪು. ಬಾಂಡ್ ಹಿಡಿದ ಪಾರ್ಟಿಯ ಜೊತೆ ಸೆಲ್ಫಿ, ಅಡಿಯಲ್ಲಿ ಹತ್ತು ಹೂಗುಚ್ಛದ ಇಮೋಜಿ. ಹಿಂದೆ ಗೋಡೆಯ ಮೇಲೆ ಅಂಗಡಿಯ ಬೋರ್ಡು, ಕೈಯಲ್ಲಿ ಪಾಲಿಸಿ ನಂಬರ್, ಎಲ್ಲಾ ಸ್ಪಷ್ಟ. ಸಂಜೆಯೊಳಗೆ ಇನ್ನೊಬ್ಬರು ಆ ಅಂಗಡಿಯಲ್ಲಿ ಸೋಡಾ ಕುಡಿಯುತ್ತಾ "ಇದಕ್ಕಿಂತ ಒಳ್ಳೇ ಪ್ಲಾನ್ ಇತ್ತಲ್ಲ" ಅನ್ನುತ್ತಿರುತ್ತಾರೆ. ಫ್ರೀ ಲುಕ್‌ಗೆ ಇನ್ನೂ 29 ದಿನ ಇರುತ್ತದೆ. ಗುಂಪಿನಲ್ಲಿ ಏಜೆಂಟಿನ ಹೆಸರು ಮತ್ತು ಎಷ್ಟು ಪಾಲಿಸಿ ಆಯಿತೆಂಬುದು ಮಾತ್ರ ಬರಲಿ, ಪಾರ್ಟಿಯ ಮುಖವೂ ಬಾಂಡಿನ ಫೋಟೋವೂ ಬೇಡ.