ಹಲ್ಲುಜ್ಜುವಾಗ ಒಸಡಿನ ಅಂಚು ಮರೆಯಬೇಡಿ

ಹಲ್ಲು ಕಪ್ಪಾಗಿ ತೂತು ಬಿದ್ದರೆ ‘ಹುಳುಕು ಹಲ್ಲು’ ಅಂತೀವಿ, ಅಲ್ವಾ? ಹಲ್ಲನ್ನು ಹುಳ ತಿನ್ನುತ್ತದೆ ಎನ್ನುವ ನಂಬಿಕೆ ಬಹಳ ಹಳೆಯದು. ಬ್ಯಾಬಿಲೋನಿಯಾದ ಜೇಡಿಮಣ್ಣಿನ ಹಲಗೆಗಳಲ್ಲೂ ಅದು ಇದೆ. 1728ರಲ್ಲಿ ಹಲ್ಲಿನ ವೈದ್ಯದ ಬಗ್ಗೆ ದೊಡ್ಡ ಪುಸ್ತಕ ಬರೆದ ಫ್ರಾನ್ಸಿನ ಪಿಯರ್ ಫೋಶಾರ್, ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಹುಳ ಸಿಗಲಿಲ್ಲ ಎಂದರು. ನಿಜವಾದ ಕಾರಣ ವಿವರಿಸಿದವರು ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ವಿಲೋಬಿ ಮಿಲ್ಲರ್, 1890ರಲ್ಲಿ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟ ತಿಂದು ಆಮ್ಲ ಬಿಡುತ್ತವೆ. ಹಲ್ಲು ಕರಗುವುದು ಆ ಆಮ್ಲಕ್ಕೆ.

ಅವು ಕೂತಿರುವ ಜಾಗ ನೀವೇ ನೋಡಬಹುದು. ಕೈ ತೊಳೆದುಕೊಂಡು, ಹಲ್ಲು ಮತ್ತು ಒಸಡು ಸೇರುವ ಕಡೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಬೆಳ್ಳಗೆ, ಅಂಟಂಟಾಗಿ ಬರುತ್ತದಲ್ಲ, ಅದೇ ಪ್ಲಾಕ್, ಅಂದರೆ ಬ್ಯಾಕ್ಟೀರಿಯಾಗಳ ಪದರ. ನಮ್ಮಲ್ಲಿ ಹೆಚ್ಚಿನವರು ಹಲ್ಲಿನ ನಡುಭಾಗವನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ, ಈ ಅಂಚನ್ನು ಹಾಗೇ ಬಿಡುತ್ತೇವೆ.

ಅಂಚಿನ ಮಹತ್ವ ಹೇಳಿಕೊಟ್ಟವರು ಅಮೆರಿಕದ ವೈದ್ಯ ಚಾರ್ಲ್ಸ್ ಬಾಸ್. ನ್ಯೂ ಆರ್ಲಿಯನ್ಸ್‌ನ ಟುಲೇನ್ ವೈದ್ಯಕೀಯ ಕಾಲೇಜಿನ ಡೀನ್ ಆಗಿದ್ದ ಅವರು ಹಲ್ಲಿನ ಅಧ್ಯಯನಕ್ಕೆ ಕೂತದ್ದು ನಿವೃತ್ತರಾದ ಮೇಲೆ. ಅವರ ವಿಧಾನ ಹೀಗಿದೆ.

ಮೊದಲು ಬ್ರಷ್. ‘ಸಾಫ್ಟ್’ ಎಂದು ಬರೆದಿರುವುದನ್ನೇ ಕೊಳ್ಳಿ. ಗಟ್ಟಿ ಬ್ರಷ್ ಒಸಡನ್ನು ಸವೆಸುತ್ತದೆ. ಪೇಸ್ಟ್ ಫ್ಲೋರೈಡ್ ಇರುವುದಾಗಲಿ, ದೊಡ್ಡವರಿಗೆ ಬಟಾಣಿ ಕಾಳಿನಷ್ಟು ಸಾಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು ಮಾತ್ರ.

ಈಗ ಬ್ರಷ್ಷನ್ನು ಓರೆ ಮಾಡಿ. ಎಳೆಗಳ ತುದಿ ಒಸಡಿನ ಕಡೆಗೆ, ಸುಮಾರು 45 ಡಿಗ್ರಿ ಕೋನದಲ್ಲಿ ಇರಬೇಕು. ಒಂದೆರಡು ಸಾಲು ಎಳೆಗಳು ಒಸಡಿನ ಅಂಚಿನೊಳಗೆ ತುಸು ಇಳಿಯಲಿ. ಅಲ್ಲೇ ಇಟ್ಟುಕೊಂಡು ಹಿಂದೆ ಮುಂದೆ ಸಣ್ಣಗೆ ಅಲುಗಿಸಿ, ಹತ್ತು ಹದಿನೈದು ಸಲ. ಎರಡು ಮೂರು ಹಲ್ಲು ಮುಗಿದ ಮೇಲೆ ಪಕ್ಕಕ್ಕೆ ಸರಿಯಿರಿ. ಬ್ರಷ್ಷನ್ನು ಪೆನ್ನು ಹಿಡಿದ ಹಾಗೆ ಹಿಡಿದರೆ ಒತ್ತಡ ತಾನಾಗಿ ಕಡಿಮೆಯಾಗುತ್ತದೆ. ಕೆಳಗಿನ ಮುಂಹಲ್ಲುಗಳ ಒಳಬದಿಗೆ ಬ್ರಷ್ಷನ್ನು ನೆಟ್ಟಗೆ ಹಿಡಿಯಿರಿ. ಕಾರೆ, ಅಂದರೆ ಗಟ್ಟಿಯಾದ ಪ್ಲಾಕ್, ಜಾಸ್ತಿ ಕಟ್ಟುವುದು ಅಲ್ಲೇ. ಎಲ್ಲ ಸೇರಿ ಎರಡು ನಿಮಿಷ.

ಒಸಡಿನಿಂದ ರಕ್ತ ಬಂದರೆ ಹೆದರಿ ಆ ಜಾಗ ಬಿಡಬೇಡಿ. ನಮ್ಮಮ್ಮ ಹಾಗೆ ಮಾಡಿದರು. ಬಲಗಡೆ ರಕ್ತ ಬರುತ್ತದೆಂದು ಆ ಕಡೆ ಉಜ್ಜುವುದನ್ನೇ ಬಿಟ್ಟರು. ಊತ ಇನ್ನೂ ಜಾಸ್ತಿಯಾಯಿತು. ಮೆತ್ತಗಿನ ಬ್ರಷ್‌ನಲ್ಲಿ ದಿನಾ ಉಜ್ಜತೊಡಗಿದ ಮೇಲೆ ರಕ್ತ ನಿಂತಿತು. ಎರಡು ವಾರವಾದರೂ ನಿಲ್ಲದಿದ್ದರೆ ದಂತವೈದ್ಯರ ಬಳಿ ಹೋಗಲೇಬೇಕು.

ಉಜ್ಜಿದ ಮೇಲೆ ನೊರೆ ಉಗುಳಿ, ಆದರೆ ಚೆಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸಬೇಡಿ. ಹಲ್ಲನ್ನು ಗಟ್ಟಿ ಮಾಡುವ ಫ್ಲೋರೈಡ್ ತೊಳೆದುಹೋಗುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯವರು ಫ್ಲೋರೈಡ್ ಹೆಸರು ಕೇಳಿದರೇ ಬೆಚ್ಚುತ್ತಾರೆ. ಅದರಲ್ಲಿ ತಪ್ಪಿಲ್ಲ. ಕೊಳವೆಬಾವಿ ನೀರಿನಲ್ಲಿ ಅದು ಅತಿಯಾಗಿ, ಹಲ್ಲಿನ ಮೇಲೆ ಕಂದು ಕಲೆ ಮೂಡಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಹಾನಿಯಾಗುವುದು ಹಾಗೆ ವರ್ಷಗಟ್ಟಲೆ ಹೊಟ್ಟೆಗೆ ಹೋದಾಗ. ಪೇಸ್ಟನ್ನು ಉಗುಳುತ್ತೇವಲ್ಲ. ನುಂಗುವ ಮಕ್ಕಳ ಪಕ್ಕದಲ್ಲಿ ಮಾತ್ರ ನಿಂತಿರಿ.

ದಿನಕ್ಕೆ ಎರಡು ಸಲ ಉಜ್ಜಿ. ರಾತ್ರಿಯದನ್ನಂತೂ ತಪ್ಪಿಸಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ, ಆಮ್ಲವನ್ನು ತೊಳೆಯಲು ಅದು ಸಾಲುವುದಿಲ್ಲ. ಉಜ್ಜಿದ ಮೇಲೆ ಹಾಲು, ಬಿಸ್ಕತ್ತು ಬೇಡ. ನೀರು ಕುಡಿಯಬಹುದು.